ಲಾಹೋರಿನಲ್ಲಿ ಓದದೆ ಉಳಿದ ಭಾಷಣ: ಬಲಪಂಥೀಯರ ಅಂಬೇಡ್ಕರ್ ಓದನ್ನು ಕುರಿತು

1

ಬಲಪಂಥದವರು ಪುಸ್ತಕ ಓದುವುದಿಲ್ಲ, ಅವರದೇನಿದ್ದರೂ ಬಾಯಿಮಾತಿನ ಕಾರುಬಾರು ಎಂಬುದು ನಮ್ಮ ಪ್ರಗತಿಪರ ವಲಯದಲ್ಲಿ ಬಹಳ ಕಾಲದಿಂದ ನಡೆದುಬಂದಿರುವ ತಮಾಷೆ. ವಿಚಾರ ಸಂಕಿರಣಗಳ ಟೀ ಹೊತ್ತಿನಲ್ಲಿ ಈ ತಮಾಷೆಗೆ ನಾನೂ ನಕ್ಕವನೇ. ಈಚೆಗೆ ನಗು ಬರುತ್ತಿಲ್ಲ. ಅವರು ಓದುತ್ತಿದ್ದಾರೆ. ತಮ್ಮ ಗೋಳ್ವಲ್ಕರ್, ಸಾವರ್ಕರರ ಜೊತೆಗೆ ಈಗ ನಮ್ಮ ಅಂಬೇಡ್ಕರರನ್ನೂ ಓದುತ್ತಿದ್ದಾರೆ. ಪುಟಸಂಖ್ಯೆ ಸಮೇತ ಓದುತ್ತಿದ್ದಾರೆ.

ಇದು ನನಗೆ ಗೊತ್ತಾದ ಬಗೆಯನ್ನು ಮೊದಲು ಹೇಳಿಬಿಡುತ್ತೇನೆ. ನಾನು ಪಾಠ ಮಾಡುವ ಕಾಲೇಜಿನಲ್ಲಿ ಅಂಬೇಡ್ಕರ್ ಜಯಂತಿ ಮುಗಿದ ಮಾರನೇ ದಿನ ಎರಡನೇ ವರ್ಷದ ಬಿ.ಎ. ಹುಡುಗನೊಬ್ಬ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತ. ಹಾಸ್ಟೆಲಿನ ಹುಡುಗ, ನಮ್ಮವನೇ. ಕೈಯಲ್ಲಿ ಮೂವತ್ತು ಪುಟದ ಕಿರುಹೊತ್ತಿಗೆ. ಅವನ ತರಗತಿಯ, ಊರೊಳಗಿನ ಹುಡುಗನೊಬ್ಬ ಹಂಚಿದ್ದನಂತೆ. ರಕ್ಷಾಪುಟದ ಮೇಲೆ ಕೋಟು ತೊಟ್ಟ ಬಾಬಾಸಾಹೇಬರು. ಒಳಗೆ ಮುಸ್ಲಿಮರ ಬಗ್ಗೆ ಅವರು ಆಡಿದರೆಂಬ ಮಾತುಗಳು ಒಂದರ ಕೆಳಗೊಂದು, ಯಾವ ಸಂಪುಟ, ಯಾವ ಪುಟ ಎಂಬ ವಿವರದೊಂದಿಗೆ.

"ಸಾರ್, ಬಾಬಾಸಾಹೇಬ್ರು ನಿಜ್ವಾಗ್ಲೂ ಹಿಂಗ್ ಬರ್ದವ್ರಾ?"

"ಇಲ್ಲ ಕಣೋ, ತಿರುಚಿರ್ತಾರೆ" ಅಂದುಬಿಟ್ಟೆ. ಅಂದ ಮೇಲೆ ನನಗೇ ಬಾಯಿ ಒಣಗಿತು. ಯಾಕೆಂದರೆ ಆ ಸಂಪುಟವನ್ನು ನಾನು ಪೂರ್ತಿ ಓದಿರಲಿಲ್ಲ. ಎಂ.ಎ.ಯಲ್ಲಿ ದಲಿತ ಸಾಹಿತ್ಯವನ್ನು ವಿಶೇಷ ಪತ್ರಿಕೆಯಾಗಿ ತೆಗೆದುಕೊಂಡವನು, ವರ್ಷಕ್ಕೆ ನಾಲ್ಕು ಕಡೆ ಅಂಬೇಡ್ಕರ್ ಬಗ್ಗೆ ಭಾಷಣ ಮಾಡುವವನು, ನಮ್ಮ ಹುಡುಗನಿಗೆ ಓದದೆ ಉತ್ತರ ಹೇಳಿದ್ದೆ. ಹೊತ್ತಿಗೆ ಮಾಡಿದವರು ನನಗಿಂತ ಹೆಚ್ಚು ಪುಟ ಮಗುಚಿಹಾಕಿದ್ದರು. ಈ ಲೇಖನ ಹುಟ್ಟಿದ್ದು ಆ ಅವಮಾನದಿಂದ.

2

ಬಲಪಂಥದ ಈ ಅಂಬೇಡ್ಕರ್ ಪ್ರೀತಿಗೆ ಬಹಳ ವಯಸ್ಸಾಗಿಲ್ಲ. ಸಂವಿಧಾನ ಅಂಗೀಕಾರವಾದ ನಾಲ್ಕೇ ದಿನಕ್ಕೆ, 1949ರ ನವೆಂಬರ್ 30ರಂದು, ಸಂಘದ ವಿಚಾರಗಳ ವಾರಪತ್ರಿಕೆ 'ಆರ್ಗನೈಸರ್' ತನ್ನ ಸಂಪಾದಕೀಯದಲ್ಲಿ ಈ ಸಂವಿಧಾನದಲ್ಲಿ ನಮ್ಮದೆಂಬುದೇನೂ ಇಲ್ಲ, ಮನುವಿನ ಕಾನೂನಿನ ಪ್ರಸ್ತಾಪವೇ ಇಲ್ಲ ಎಂದು ಕೊರಗಿತ್ತು. ಆ ಹೊತ್ತಿನಲ್ಲೇ ಹಿಂದೂ ಕೋಡ್ ಬಿಲ್ಲಿನ ವಿರುದ್ಧ ದೆಹಲಿಯಲ್ಲಿ ಸಭೆ ಕಟ್ಟಿದವರೂ ಇವರೇ. ಬಿಲ್ಲನ್ನು ಕುಂಟಿಸಿದ್ದರಲ್ಲಿ ಕಾಂಗ್ರೆಸ್ಸಿನ ಸಂಪ್ರದಾಯಸ್ಥರ ಪಾಲೂ ಸಾಕಷ್ಟಿತ್ತು ಎಂಬುದನ್ನು ಮರೆಯಬಾರದು. ಅದೂ ಒಂದು ಕಾರಣವಾಗಿ ಬಾಬಾಸಾಹೇಬರು 1951ರ ಸೆಪ್ಟೆಂಬರಿನಲ್ಲಿ ಮಂತ್ರಿಗಿರಿ ಬಿಟ್ಟು ಹೊರಬಂದರು.

ನಮ್ಮ ನಾಡಿಗೇ ಬಂದರೆ, 1969ರ ಡಿಸೆಂಬರಿನಲ್ಲಿ ಉಡುಪಿಯಲ್ಲಿ ನಡೆದ ವಿಶ್ವ ಹಿಂದೂ ಪರಿಷತ್ತಿನ ಸಮ್ಮೇಳನ ಹಿಂದೂಗಳೆಲ್ಲ ಸೋದರರು ಎಂದು ಸಾರಿತು. ಸ್ವಾಮಿಗಳು ಸೇರಿ ಅಸ್ಪೃಶ್ಯತೆ ಸಲ್ಲದು ಎಂದರು. ಮಾತು ಒಳ್ಳೆಯದೇ. ಆದರೆ ಅಲ್ಲಿ ಅಸ್ಪೃಶ್ಯತೆ ಹೋಗಬೇಕಿತ್ತು, ಜಾತಿ ಇರಬೇಕಿತ್ತು. 2016ರ ಅಕ್ಟೋಬರಿನಲ್ಲಿ 'ಚಲೋ ಉಡುಪಿ' ಎಂದು ಅದೇ ಊರಿಗೆ ಹೋದ ದಲಿತ ಯುವಜನರು ಅಣ್ಣತಮ್ಮಂದಿರ ಪಟ್ಟ ಕೇಳಲಿಲ್ಲ. ಉಣ್ಣುವ ಅನ್ನದ ಆಯ್ಕೆ ಕೇಳಿದರು, ಉಳುವ ಭೂಮಿ ಕೇಳಿದರು.

1981ರಲ್ಲಿ ತಮಿಳುನಾಡಿನ ಮೀನಾಕ್ಷಿಪುರದಲ್ಲಿ ದಲಿತರು ಇಸ್ಲಾಮಿಗೆ ಹೋದದ್ದು ಇವರ ಎದೆ ನಡುಗಿಸಿತು. ಎರಡು ವರ್ಷದಲ್ಲೇ, 1983ರಲ್ಲಿ, ಪುಣೆಯಲ್ಲಿ ಸಾಮಾಜಿಕ ಸಮರಸತಾ ಮಂಚ್ ಹುಟ್ಟಿಕೊಂಡಿತು. ಈ 'ಸಮರಸತೆ' ಎಂಬ ಮಾತನ್ನು ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಸ್ವಲ್ಪ ನಿಂತು ನೋಡಬೇಕು. ಅಂಬೇಡ್ಕರರ ಮಾತು ಸಮಾನತೆ. ಸಮಾನತೆ ಬರಬೇಕಾದರೆ ಮೇಲೆ ಕೂತವನು ಕೆಳಗಿಳಿಯಬೇಕು. ಸಮರಸಕ್ಕೆ ಆ ಕಷ್ಟವಿಲ್ಲ. ಜಗಲಿಯ ಮೇಲಿದ್ದವನು ಜಗಲಿಯಲ್ಲೇ, ಅಂಗಳದಲ್ಲಿದ್ದವನು ಅಂಗಳದಲ್ಲೇ ಇದ್ದುಕೊಂಡು ನಗುನಗುತ್ತಾ ಮಾತಾಡಿದರೂ ಅದು ಸಮರಸವೇ. ಒಂದು ಪದವನ್ನು ತೆಗೆದು ಇನ್ನೊಂದನ್ನು ಇಟ್ಟದ್ದರಲ್ಲೇ ಅವರ ಓದಿನ ಇಡೀ ರಾಜಕಾರಣವಿದೆ.

ಇದಾದ ಮೇಲೆ ಎರಡು ಘಟನೆಗಳು. 1997ರಲ್ಲಿ ಅರುಣ್ ಶೌರಿಯವರ 'ವರ್ಷಿಪಿಂಗ್ ಫಾಲ್ಸ್ ಗಾಡ್ಸ್' ಬಂತು. ಅಂಬೇಡ್ಕರ್ ಬ್ರಿಟಿಷರ ಪರ ಇದ್ದವರು, ಸ್ವಾತಂತ್ರ್ಯ ಹೋರಾಟಕ್ಕೆ ಬಾರದವರು, ಸಂವಿಧಾನದ ಕೀರ್ತಿಯೂ ಅವರಿಗೆ ಸಲ್ಲದು ಎಂದು ಸಾಧಿಸಲು ಬರೆದ ಪುಸ್ತಕ. ಬರೆದವರು ಆಮೇಲೆ ವಾಜಪೇಯಿ ಸರ್ಕಾರದಲ್ಲಿ ಮಂತ್ರಿಯಾದರು. ಹದಿನೆಂಟು ವರ್ಷ ಕಳೆದು 2015ರ ಏಪ್ರಿಲಿನಲ್ಲಿ ಅದೇ 'ಆರ್ಗನೈಸರ್', ಅದರ ಹಿಂದಿ ಸೋದರ 'ಪಾಂಚಜನ್ಯ', ಎರಡೂ ಅಂಬೇಡ್ಕರ್ ವಿಶೇಷ ಸಂಚಿಕೆ ತಂದು ಅವರನ್ನು ರಾಷ್ಟ್ರವನ್ನು ಒಂದುಗೂಡಿಸಿದ ಮಹಾಪುರುಷ ಎಂದು ಹೊತ್ತು ಮೆರೆಸಿದವು.

ಮೇಲುನೋಟಕ್ಕೆ ಇವು ಎರಡು ಓದು. ಒಂದು ಬೈಯುವ ಓದು, ಇನ್ನೊಂದು ಹೊಗಳುವ ಓದು. ನನ್ನ ಗ್ರಹಿಕೆಯಲ್ಲಿ ಎರಡೂ ಒಂದೇ. ಶೌರಿಯವರಿಗೆ ಅಂಬೇಡ್ಕರ್ ಸಾಕಷ್ಟು ರಾಷ್ಟ್ರೀಯರಲ್ಲ, ವಿಶೇಷ ಸಂಚಿಕೆಗಳಿಗೆ ಅವರು ಎಲ್ಲರಿಗಿಂತ ರಾಷ್ಟ್ರೀಯರು. ಅಳೆಯುವ ಕೋಲು ಎರಡು ಕಡೆಯೂ ರಾಷ್ಟ್ರವೇ. ಆ ಮನುಷ್ಯ ಬದುಕಿಡೀ ಹಿಡಿದು ನಿಂತ ಕೋಲು ಜಾತಿ. ಅದನ್ನು ಮುರಿದು ಒಲೆಗಿಟ್ಟ ಮೇಲೆ ಬೈದರೇನು, ಹಾರ ಹಾಕಿದರೇನು?

3

ಇನ್ನು ಅವರು ಓದುವ ಕ್ರಮಕ್ಕೆ ಬರೋಣ. ಕನ್ನಡದಲ್ಲಿ ಇದಕ್ಕೆ ಒಂದು ಪೂರ್ವಪಾಠವಿದೆ. 2007ರಲ್ಲಿ ಬಂದ ಎಸ್.ಎಲ್. ಭೈರಪ್ಪನವರ 'ಆವರಣ' ಕೆಲವೇ ತಿಂಗಳಲ್ಲಿ ಮುದ್ರಣದ ಮೇಲೆ ಮುದ್ರಣ ಕಂಡಿತು. ಅದರ ಕೋಮು ನೆಲೆಯ ಬಗ್ಗೆ ಆಗ ಬೇಕಾದಷ್ಟು ಚರ್ಚೆಯಾಗಿದೆ. ನನಗೆ ಮುಖ್ಯವೆನಿಸುವುದು ಬೇರೆ. ಅದು ಓದುವವಳೊಬ್ಬಳ ಕಥೆ. ನಾಯಕಿ ಸತ್ತ ತಂದೆಯ ಪುಸ್ತಕಗಳ ನಡುವೆ ಕೂತು ಇತಿಹಾಸ ಓದುತ್ತಾಳೆ, ಆಧಾರಗ್ರಂಥಗಳ ಪಟ್ಟಿಯೇ ಕಾದಂಬರಿಯೊಳಗೆ ಬರುತ್ತದೆ. ಓದೆಂದರೆ ಸಾಕ್ಷಿ ಕಲೆಹಾಕುವುದು, ಪುಸ್ತಕವೆಂದರೆ ಕೋರ್ಟಿನ ದಾಖಲೆ ಎಂಬ ಮನೋಧರ್ಮವನ್ನು ಒಂದು ತಲೆಮಾರಿನ ಕನ್ನಡ ಓದುಗರಿಗೆ ಈ ಕಾದಂಬರಿ ಕಲಿಸಿತು. ತೀರ್ಪು ಮೊದಲೇ ಆಗಿರುತ್ತದೆ, ಸಾಕ್ಷಿಯನ್ನು ಆಮೇಲೆ ಹುಡುಕಬೇಕು ಅಷ್ಟೆ. ನಮ್ಮ ಹುಡುಗನ ಕೈಯಲ್ಲಿದ್ದ ಹೊತ್ತಿಗೆ ಇದೇ ಶಾಲೆಯಲ್ಲಿ ಕಲಿತದ್ದು. ಅದು ಪುಟದ ಸಂಖ್ಯೆ ಕೊಡುತ್ತದೆ. ಆ ಪುಟದ ಹಿಂದೆ ಏನಿದೆ, ಮುಂದೆ ಏನಿದೆ ಅನ್ನುವುದನ್ನು ಕೊಡುವುದಿಲ್ಲ.

ಆ ರಾತ್ರಿ ಸಂಪುಟ ತೆಗೆದು ಕೂತೆ. ಪಾಕಿಸ್ತಾನದ ಪ್ರಶ್ನೆಯ ಮೇಲೆ ಬಾಬಾಸಾಹೇಬರು 1940ರಲ್ಲಿ ತಂದು, ಆಮೇಲೆ ಹಿಗ್ಗಿಸಿ ಮತ್ತೆ ಅಚ್ಚು ಹಾಕಿಸಿದ ಪುಸ್ತಕವದು. ಮೊದಲು ಒಪ್ಪಿಕೊಳ್ಳಬೇಕಾದ್ದನ್ನು ಒಪ್ಪಿಕೊಳ್ಳೋಣ: ಹೊತ್ತಿಗೆಯಲ್ಲಿದ್ದ ಮಾತುಗಳು ಬಹುಪಾಲು ಅಲ್ಲಿ ಇವೆ. ನಾನು ಹುಡುಗನಿಗೆ ಹೇಳಿದ್ದು ತಪ್ಪು. ಮುಸ್ಲಿಂ ಸಮಾಜದೊಳಗಿನ ಜಾತಿ, ಪರದೆ, ಸುಧಾರಣೆಯ ಚಳವಳಿಯ ಕೊರತೆ, ಇವೆಲ್ಲದರ ಮೇಲೆ ಅಂಬೇಡ್ಕರರ ಟೀಕೆ ಬಹಳ ಕಟುವಾಗಿದೆ. ಕೆಲವು ಕಡೆ ನನಗೆ ಒಪ್ಪಿಗೆಯಾಗದಷ್ಟು ಕಟು. ಅದನ್ನು ಬಚ್ಚಿಡುವುದು ನಮ್ಮ ಕೆಲಸವಲ್ಲ.

ಆದರೆ ಅದೇ ಪುಸ್ತಕ ಹಿಂದೂ ರಾಜ್ಯವೆಂಬುದು ನಿಜವಾದರೆ ಈ ದೇಶಕ್ಕೆ ಅದಕ್ಕಿಂತ ದೊಡ್ಡ ವಿಪತ್ತಿಲ್ಲ, ಪ್ರಜಾಪ್ರಭುತ್ವಕ್ಕೂ ಅದಕ್ಕೂ ಕೂಡಿ ಬರುವುದಿಲ್ಲ, ಏನು ಮಾಡಿಯಾದರೂ ತಡೆಯಬೇಕು ಎಂಬ ಎಚ್ಚರಿಕೆಯನ್ನೂ ಹೇಳುತ್ತದೆ. ಸಾವರ್ಕರ್ ಮತ್ತು ಜಿನ್ನಾ ಹೊರಗೆ ವೈರಿಗಳಂತೆ ಕಂಡರೂ ಎರಡು ರಾಷ್ಟ್ರದ ವಿಷಯದಲ್ಲಿ ಇಬ್ಬರದೂ ಒಂದೇ ಮಾತು ಎಂದು ತೋರಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಹಿಂದೂಗಳ ಕೆಳಸ್ತರದವರ ಅಗತ್ಯಗಳೂ ಬಹುಪಾಲು ಮುಸ್ಲಿಮರ ಅಗತ್ಯಗಳೂ ಒಂದೇ ಆಗಿರುವುದರಿಂದ ಇವರು ಕೂಡಿ ಒಂದು ಪಕ್ಷ ಕಟ್ಟಬಹುದು, ಹಿಂದೂ ರಾಜ್ಯದ ಭೂತವನ್ನು ಹೂಳುವ ದಾರಿ ಅದೇ ಎಂಬ ಅರ್ಥದ ವಿಚಾರ ಅಲ್ಲಿದೆ. ನಮ್ಮ ಹಾಸ್ಟೆಲಿನ ಹುಡುಗನನ್ನು ಪಕ್ಕದ ಕೇರಿಯ ಸಾಬರ ಹುಡುಗನಿಂದ ಬಿಡಿಸಲು ಮಾಡಿದ ಹೊತ್ತಿಗೆಗೆ, ಇಬ್ಬರನ್ನೂ ಒಂದೇ ಚಾಪೆಯ ಮೇಲೆ ಕೂರಿಸಬಯಸಿದ ಪುಸ್ತಕದಿಂದಲೇ ಸಾಮಗ್ರಿ ತಂದಿದ್ದಾರೆ! ಇದಕ್ಕಿಂತ ದೊಡ್ಡ ಹುನ್ನಾರ ಯಾವುದು?

ಇನ್ನೊಂದು ನಿದರ್ಶನ. ಆರ್ಯರು ಹೊರಗಿನಿಂದ ದಂಡೆತ್ತಿ ಬಂದ ಜನಾಂಗವೆಂಬ ವಾದವನ್ನು ಅಂಬೇಡ್ಕರ್ ಒಪ್ಪಲಿಲ್ಲ ಎಂಬುದನ್ನು ಇವರು ಬಹಳ ಉತ್ಸಾಹದಿಂದ ಹೇಳುತ್ತಾರೆ. ನಿಜ, ಒಪ್ಪಲಿಲ್ಲ. ಅದಿರುವುದು 1946ರಲ್ಲಿ ಬಂದ, ಶೂದ್ರರು ಯಾರು ಎಂದು ಕೇಳುವ ಪುಸ್ತಕದಲ್ಲಿ. ಆ ಪುಸ್ತಕವನ್ನು ಅರ್ಪಿಸಿರುವುದು ಮಹಾತ್ಮ ಫುಲೆಗೆ. ಅದರ ತಿರುಳು, ಶೂದ್ರರು ಮೂಲದಲ್ಲಿ ಕ್ಷತ್ರಿಯರೇ, ಬ್ರಾಹ್ಮಣರು ಉಪನಯನ ನಿರಾಕರಿಸಿ ಅವರನ್ನು ಕೆಳಕ್ಕೆ ತಳ್ಳಿದರು ಎಂಬುದು. ಈ ಓದುಗರು ಆರ್ಯರ ಅಧ್ಯಾಯದಲ್ಲಿ ಬಸ್ಸಿಳಿದು ಮನೆಗೆ ಹೋಗಿಬಿಡುತ್ತಾರೆ. 1948ರಲ್ಲಿ ಬಂದ ಅಸ್ಪೃಶ್ಯರನ್ನು ಕುರಿತ ಪುಸ್ತಕದ ಸ್ಟಾಪಿಗಂತೂ ಇವರ ಬಸ್ಸು ಹೋಗುವುದೇ ಇಲ್ಲ. ದನದ ಮಾಂಸಕ್ಕೂ ಅಸ್ಪೃಶ್ಯತೆಗೂ ಇರುವ ಸಂಬಂಧ, ಒಂದು ಕಾಲಕ್ಕೆ ಅದನ್ನು ತಿನ್ನುತ್ತಿದ್ದ ಬ್ರಾಹ್ಮಣರು ಬೌದ್ಧರ ಜೊತೆಗಿನ ಪೈಪೋಟಿಯಲ್ಲಿ ಬಿಟ್ಟ ಬಗೆ, ಇದೆಲ್ಲ ಅಲ್ಲಿದೆ. ಆ ಪುಸ್ತಕ ಓದಿದ್ದರೆ 2020ರ ಗೋಹತ್ಯೆ ನಿಷೇಧ ಮಸೂದೆ ತಂದ ಬಾಯಿಂದ ಬಾಬಾಸಾಹೇಬರ ಜೈಕಾರ ಬರುವಾಗ ಸ್ವಲ್ಪವಾದರೂ ಗಂಟಲು ಕಟ್ಟಬೇಕಿತ್ತು.

ಮೂರನೆಯದು ಬೌದ್ಧ ಧಮ್ಮ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ದೀಕ್ಷೆ ಪಡೆದು ತಮ್ಮ ಜನರಿಗೆ ಇಪ್ಪತ್ತೆರಡು ಪ್ರತಿಜ್ಞೆ ಬೋಧಿಸಿದರು. ಸಂಘ ಹುಟ್ಟಿದ್ದೂ ಅದೇ ನಾಗಪುರದಲ್ಲಿ, 1925ರ ವಿಜಯದಶಮಿಯಂದು. ಇವರು ಬುದ್ಧನನ್ನು ವಿಷ್ಣುವಿನ ಅವತಾರ ಮಾಡಿ, ಅಂಬೇಡ್ಕರ್ ಭಾರತದ ನೆಲದ ಧರ್ಮವನ್ನೇ ಆರಿಸಿಕೊಂಡರಲ್ಲ ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಬುದ್ಧ ವಿಷ್ಣುವಿನ ಅವತಾರವೆಂಬುದನ್ನು ನಿರಾಕರಿಸುವುದೇ ಆ ಪ್ರತಿಜ್ಞೆಗಳಲ್ಲಿ ಒಂದು. 2022ರ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ಈ ಪ್ರತಿಜ್ಞೆಗಳನ್ನು ಹೇಳಿಸಿದ ಸಭೆಯೊಂದರಲ್ಲಿ ಭಾಗವಹಿಸಿದ್ದಕ್ಕೆ ಆಗಿನ ಸಚಿವ ರಾಜೇಂದ್ರ ಪಾಲ್ ಗೌತಮ್ ವಿರುದ್ಧ ಬಿಜೆಪಿ ಗದ್ದಲ ಎಬ್ಬಿಸಿತು. ಅವರು ರಾಜೀನಾಮೆ ಕೊಡಬೇಕಾಯಿತು. ಅದೇ ವರ್ಷ ನಮ್ಮ ರಾಜ್ಯದಲ್ಲಿ ಬಂದ ಮತಾಂತರ ಕಾಯ್ದೆಯ ಪ್ರಕಾರ ಧರ್ಮ ಬಿಡುವವನು ಮೂವತ್ತು ದಿನ ಮೊದಲು ಜಿಲ್ಲಾಧಿಕಾರಿಗೆ ಅರ್ಜಿ ಕೊಡಬೇಕು. ಬಲವಂತ, ಆಮಿಷದ ಆರೋಪ ಸಾಬೀತಾದರೆ, ಮತಾಂತರಗೊಂಡವರು ಪರಿಶಿಷ್ಟರಾಗಿದ್ದ ಪಕ್ಷದಲ್ಲಿ ಶಿಕ್ಷೆ ಹೆಚ್ಚು. 2023ರ ಜೂನಿನಲ್ಲಿ ಮುಂದಿನ ಸರ್ಕಾರದ ಸಂಪುಟ ಅದನ್ನು ರದ್ದು ಮಾಡಲು ತೀರ್ಮಾನಿಸಿತು, ಆ ಮಾತು ಬೇರೆ. ಇಂಥ ಕಾನೂನು ಆಗ ಇದ್ದಿದ್ದರೆ ಬಾಬಾಸಾಹೇಬರೂ, ಅವರ ಹಿಂದೆ ನಿಂತ ಲಕ್ಷಾಂತರ ಜನರೂ ಕಚೇರಿಯ ಮುಂದೆ ಅರ್ಜಿ ನಮೂನೆ ಹಿಡಿದು ಕ್ಯೂ ನಿಲ್ಲಬೇಕಾಗಿತ್ತು.

4

ಇಷ್ಟು ಬರೆದು ನಿಲ್ಲಿಸಿದರೆ ಇದು ನಮ್ಮವರು ನಮ್ಮವರಿಗೇ ಬರೆದು ಚಪ್ಪಾಳೆ ಗಿಟ್ಟಿಸುವ ಲೇಖನವಾಗುತ್ತದೆ. ನಮ್ಮ ಮನೆಯ ಓದು ಹೇಗಿದೆ?

ಕನ್ನಡದ ದಲಿತ ಚಳವಳಿ ಹುಟ್ಟಿದ್ದೇ ಓದಿನ ಪ್ರಶ್ನೆಯಿಂದ. 1973ರಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿರುವುದು ಬಹುಪಾಲು ಬೂಸಾ ಅಂದರು. ಮಂತ್ರಿ ಪದವಿ ಹೋಯಿತು, ದಲಿತ ವಿದ್ಯಾರ್ಥಿಗಳು ಹೊಡೆತ ತಿಂದರು. ಆ ಮಾತಿನ ಹಿಂದೆ ಒಂದು ವಿಮರ್ಶೆಯ ಪ್ರಶ್ನೆಯಿತ್ತು: ಈ ಸಾಹಿತ್ಯ ಯಾರ ಹೊಟ್ಟೆಗೆ ಏನು ಹಾಕುತ್ತಿದೆ? ದಲಿತ ಸಂಘರ್ಷ ಸಮಿತಿಯ ಅಧ್ಯಯನ ಶಿಬಿರಗಳು ಈ ಪ್ರಶ್ನೆಯನ್ನು ಹಳ್ಳಿಗೆ ತಂದವು. ಎಂಬತ್ತರ ದಶಕದಲ್ಲಿ ಆ ಶಿಬಿರಗಳಿಗೆ ಹೋಗುತ್ತಿದ್ದ ನಮ್ಮಪ್ಪ ಈಗಲೂ ಹೇಳುತ್ತಾರೆ: "ಆಗ ಬುಕ್ಕು ಸಿಕ್ತಿರ್ಲಿಲ್ಲ ಕಣ್ಮಗಾ. ಸಿಕ್ಕಿದ್ ಒಂದ್ನ ಒಬ್ಬ ಓದೋನು, ಹತ್ ಜನ ಕೇಳೋವು."

ಈಗ ಬುಕ್ಕು ಸಿಗುತ್ತವೆ. ಅಂಬೇಡ್ಕರರ ಬರಹ ಭಾಷಣಗಳೆಲ್ಲ ಕನ್ನಡದಲ್ಲಿ ಸಂಪುಟ ಸಂಪುಟವಾಗಿ ಬಂದಿವೆ. ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಅವು ಗಾಜಿನ ಬೀರುವಿನಲ್ಲಿವೆ, ಬೀಗದ ಕೈ ಹುಡುಕಿಸಿ ತೆಗೆಸಬೇಕಾಯಿತು. ಇತ್ತ ನಮ್ಮ ಕೇರಿಯಲ್ಲಿ ಏಪ್ರಿಲ್ ಬಂದರೆ ಡಿಜೆ, ನೀಲಿ ಬಾವುಟ, ಕ್ರೇನಿನಿಂದ ಇಳಿಬಿಟ್ಟ ಸೇಬಿನ ಹಾರ. ಹುಡುಗರ ಸಂಭ್ರಮವನ್ನು ಹೀಯಾಳಿಸಲು ನನಗೆ ಮನಸ್ಸಿಲ್ಲ. ತಲೆತಗ್ಗಿಸಿ ನಡೆದ ರಸ್ತೆಯಲ್ಲಿ ಎದೆ ಸೆಟೆಸಿ ಕುಣಿಯುವುದಕ್ಕೂ ಒಂದು ಅರ್ಥವಿದೆ. ಆದರೆ ನಾವೇ ಬಾಬಾಸಾಹೇಬರನ್ನು ಪಟ ಮಾಡಿ ಗೋಡೆಗೆ ಹಾಕಿದ ಮೇಲೆ, ಇನ್ನೊಬ್ಬರು ಬಂದು ಆ ಪಟವನ್ನು ತಮ್ಮ ಗೋಡೆಗೆ ಹಾಕಿಕೊಳ್ಳುವುದು ಸುಲಭ. ಪಟ ಎದುರಾಡುವುದಿಲ್ಲ. ಪುಸ್ತಕ ಎದುರಾಡುತ್ತದೆ. 2024ರ ಡಿಸೆಂಬರಿನಲ್ಲಿ ಗೃಹ ಸಚಿವರು ರಾಜ್ಯಸಭೆಯಲ್ಲಿ ಅಂಬೇಡ್ಕರ್ ಹೆಸರು ಹೇಳುವುದು ಫ್ಯಾಷನ್ ಆಗಿದೆ ಎಂಬರ್ಥದ ಮಾತಾಡಿದಾಗ ನಾವು ಬೀದಿಗಿಳಿದೆವು. ಇಳಿಯಲೇಬೇಕಿತ್ತು. ವಾಪಸ್ ಬಂದ ಮೇಲೆ ಎಷ್ಟು ಜನ ಸಂಪುಟ ತೆರೆದೆವು ಎಂದು ನನ್ನನ್ನೂ ಸೇರಿಸಿ ಕೇಳಿಕೊಳ್ಳುತ್ತಿದ್ದೇನೆ.

ಓದಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮಲ್ಲೇ ಉದಾಹರಣೆಯಿದೆ. 2022ರಲ್ಲಿ ಹತ್ತನೇ ತರಗತಿಯ ಕನ್ನಡ ಪಠ್ಯಕ್ಕೆ ಹೆಡ್ಗೇವಾರ್ ಭಾಷಣ ಸೇರಿತು (ಮರುವರ್ಷ ಅದನ್ನು ತೆಗೆಯಲಾಯಿತು). ಆಗ ದೇವನೂರ ಮಹಾದೇವ ತಮ್ಮ ಪಾಠಕ್ಕೆ ಕೊಟ್ಟಿದ್ದ ಒಪ್ಪಿಗೆಯನ್ನು ಹಿಂದಕ್ಕೆ ಪಡೆದರು. ಅಷ್ಟಕ್ಕೇ ಸುಮ್ಮನಾಗಲಿಲ್ಲ. ಗೋಳ್ವಲ್ಕರ್, ಸಾವರ್ಕರರ ಬರಹಗಳನ್ನು ಕೂತು ಓದಿ 'ಆರ್‌ಎಸ್‌ಎಸ್: ಆಳ ಮತ್ತು ಅಗಲ' ಎಂಬ ಪುಟ್ಟ ಪುಸ್ತಕ ಬರೆದರು. ಹಲವು ಸಣ್ಣ ಪ್ರಕಾಶಕರು ಒಟ್ಟಿಗೇ ಅದನ್ನು ಅಚ್ಚು ಹಾಕಿದರು. ಎದುರಾಳಿಯ ಪುಸ್ತಕವನ್ನು ಅವನಿಗಿಂತ ಚೆನ್ನಾಗಿ ಓದುವುದು ಕೂಡ ಚಳವಳಿಯೇ ಎಂದು ಅದು ತೋರಿಸಿತು.

5

ಹಾಗಾದರೆ ಬಲಪಂಥದವರು ಅಂಬೇಡ್ಕರರನ್ನು ಓದಬಾರದೇ? ನಮ್ಮಲ್ಲಿ ಕೆಲವರು ಹಾಗೆ ಹೇಳುತ್ತಾರೆ. ಅಕ್ಷರವನ್ನು ಬಚ್ಚಿಟ್ಟುಕೊಂಡವರ ಗತಿ ನೋಡಿದವರು ನಾವು. ನಮ್ಮಿಂದ ಆ ಮಾತು ಬರಬಾರದು. ಅವರು ಓದಲಿ. ಅವರು ಓದಲೆಂದೇ ಬರೆದ ಒಂದು ಪುಸ್ತಕವಿದೆ.

1936ರಲ್ಲಿ ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲದವರು ತಮ್ಮ ವಾರ್ಷಿಕ ಸಮ್ಮೇಳನಕ್ಕೆ ಅಂಬೇಡ್ಕರರನ್ನು ಅಧ್ಯಕ್ಷರಾಗಿ ಕರೆದರು. ಮಂಡಲದವರು ಸವರ್ಣ ಸುಧಾರಕರು, ಒಳ್ಳೆಯ ಮನಸ್ಸಿನವರು. ಭಾಷಣ ಮೊದಲೇ ತರಿಸಿಕೊಂಡು ನೋಡಿದಾಗ ಎದೆಗುಂದಿದರು. ಶಾಸ್ತ್ರಗಳ ಅಧಿಕಾರವನ್ನೇ ಕಿತ್ತುಹಾಕದೆ ಜಾತಿ ಹೋಗದು ಎಂದು ಅಲ್ಲಿತ್ತು. ಕೆಲವು ಭಾಗ ಬಿಡಿ ಎಂದರು. ಬಾಬಾಸಾಹೇಬರು ಒಂದು ಅಲ್ಪವಿರಾಮವನ್ನೂ ಬದಲಿಸಲೊಪ್ಪಲಿಲ್ಲ. ಸಮ್ಮೇಳನವೇ ರದ್ದಾಯಿತು. ಅವರು ಸ್ವಂತ ಖರ್ಚಿನಲ್ಲಿ 1500 ಪ್ರತಿ ಅಚ್ಚು ಹಾಕಿಸಿದರು, ಎರಡೇ ತಿಂಗಳಲ್ಲಿ ಮುಗಿದವು. ಅದೇ 'ಜಾತಿ ವಿನಾಶ'.

ನಾವು ಅದನ್ನು ನಮ್ಮ ಪುಸ್ತಕವೆಂದು ಓದುತ್ತೇವೆ. ಜಾತಿ ಎಷ್ಟು ಕೆಟ್ಟದ್ದೆಂದು ನಮಗೆ ಹೇಳಲು ಬಾಬಾಸಾಹೇಬರು ಲಾಹೋರಿನವರೆಗೆ ಹೋಗಬೇಕಿರಲಿಲ್ಲ. ಎದುರು ಕೂತ ಸವರ್ಣರ ಮುಖ ನೋಡಿ ಆಡಲು ಬರೆದ ಮಾತದು. ಅವರು ಕೇಳಲಿಲ್ಲ. ಸುಮಾರು ತೊಂಬತ್ತು ವರ್ಷ ಕಳೆದು ಅವರ ಮೊಮ್ಮಕ್ಕಳು ಈಗ ಅಂಬೇಡ್ಕರರನ್ನು ಓದಲು ಬಂದಿದ್ದಾರೆ, ಬಂದು ತಮ್ಮ ಹೆಸರಿಗೆ ಬಂದ ಕಾಗದ ಒಂದನ್ನು ಬಿಟ್ಟು ಮಿಕ್ಕ ಕಾಗದಗಳನ್ನೆಲ್ಲ ಒಡೆದು ನೋಡುತ್ತಿದ್ದಾರೆ. ಮುಸ್ಲಿಮರ ಬಗ್ಗೆ ಏನಂದರು, ಕಮ್ಯುನಿಸ್ಟರ ಬಗ್ಗೆ ಏನಂದರು, ಕಾಂಗ್ರೆಸ್ಸಿನ ಬಗ್ಗೆ ಏನಂದರು ಎಲ್ಲ ಬೇಕು. ನಮ್ಮ ಬಗ್ಗೆ ಏನಂದರು ಎಂಬುದು ಮಾತ್ರ ಬೇಡ. ದಲಿತ ವಿಮರ್ಶೆ ಇವತ್ತು ಮಾಡಬೇಕಾದ ಕೆಲಸ ಆ ಕಾಗದವನ್ನು ತಲುಪಿಸುವುದು ಎಂದು ನಾನು ತಿಳಿದಿದ್ದೇನೆ.

ಹಾಸ್ಟೆಲಿನ ಊಟದ ಹಾಲಿನಲ್ಲಿ ಈಗ ಭಾನುವಾರ ಬೆಳಿಗ್ಗೆ ನಾವು ಏಳೆಂಟು ಜನ ಕೂತು ಓದುತ್ತಿದ್ದೇವೆ. ಮೊದಲು ಹುಡುಗನ ಹತ್ತಿರ ತಪ್ಪೊಪ್ಪಿಕೊಂಡೆ: "ಅವತ್ ನಾನ್ ಓದ್ದೆ ಹೇಳ್ದೆ ಕಣೋ." ಅವನು ನಕ್ಕ. ಹೊತ್ತಿಗೆಯಲ್ಲಿದ್ದ ಪುಟಗಳನ್ನೇ ತೆಗೆದು ಅವುಗಳ ಹಿಂದೆ ಮುಂದೆ ಓದಿದೆವು. ಆಮೇಲೆ 'ಜಾತಿ ವಿನಾಶ' ಹಿಡಿದೆವು. ಹೊತ್ತಿಗೆ ಹಂಚಿದ್ದ ಹುಡುಗನನ್ನೂ ನಮ್ಮವನು ಕರೆದುಕೊಂಡು ಬಂದ. ಆ ಹುಡುಗ ಮೂಲೆಯಲ್ಲಿ ಕೂತು ಒಂದು ಗಂಟೆ ಸುಮ್ಮನೆ ಕೇಳಿದ. ಕೊನೆಗೆ ಕೇಳಿದ:

"ಸಾರ್, ಇದು ನಮ್ಗೆ ಬರ್ದಿದ್ದಾ?"

"ಹೂಂ ಕಣಪ್ಪ, ನಿಮ್ಗೇ ಬರ್ದಿದ್ದು" ಅಂದೆ.

ಮುಂದಿನ ವಾರ ಅವನು ಬರಲಿಲ್ಲ. ಅದರ ಮುಂದಿನ ವಾರ ಬಂದ, ಅವತ್ತು ಓದುವ ಸರದಿ ಅವನದಾಗಿತ್ತು. ಪುಸ್ತಕ ಇನ್ನೂ ಅರ್ಧ ಉಳಿದಿದೆ.